ಅಕ್ಷರ ಬಂತು, ಅರ್ಥ?

‘ಮಕ್ಕಳು ಪಟಪಟನೆ ಓದುತ್ತಾರೆ, ಓದಿದ್ದು ಮಾತ್ರ ತಿಳಿಯುವುದಿಲ್ಲ.’ ಈ ದೂರು ಮೊಬೈಲ್ ಕಾಲದ್ದೆಂದು ನಾವು ಭಾವಿಸಿದ್ದೇವೆ. ಅದಕ್ಕೆ ಇನ್ನೂರು ವರ್ಷ ದಾಟಿದೆ.

1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ತನ್ನ ಪ್ರಾಂತ್ಯದ ಶಾಲೆಗಳ ಲೆಕ್ಕ ಕೇಳಿದ. ಮರುವರ್ಷ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಉತ್ತರ ಕಳಿಸಿದ: 533 ಶಾಲೆಗಳು, 6,641 ವಿದ್ಯಾರ್ಥಿಗಳು. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಆತ ವಿವರಿಸಿದ. ದೊಡ್ಡವರು ಚಿಕ್ಕವರಿಗೆ ಕಲಿಸುವ ಕ್ರಮವನ್ನು ಮೆಚ್ಚಿಕೊಂಡ. ಕೊರತೆಯನ್ನೂ ಗುರುತಿಸಿದ. ಓದಿಸುತ್ತಿದ್ದುದು ಕಾವ್ಯ, ಅದರ ಭಾಷೆ ಆಡುಮಾತಿಗಿಂತ ಬೇರೆ. ಹೀಗಾಗಿ ಮಕ್ಕಳ ಲಕ್ಷ್ಯವೆಲ್ಲ ಉಚ್ಚಾರಣೆಯ ಮೇಲೆ, ಅರ್ಥದ ಮೇಲಲ್ಲ.

ಹಾಗಾದರೆ ನಮ್ಮಲ್ಲಿ ಅರ್ಥ ಹೇಳುವ ಸಂಪ್ರದಾಯವೇ ಇರಲಿಲ್ಲವೆ? ಇತ್ತು. ಶಿವಮೊಗ್ಗದ ಪಕ್ಕದಲ್ಲೇ, ತುಂಗೆಯ ದಡದ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು. ಅಲ್ಲಿನ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗಮಕದಲ್ಲಿ ಒಬ್ಬರು ಪದ್ಯ ವಾಚಿಸುತ್ತಾರೆ, ಇನ್ನೊಬ್ಬರು ನಡುನಡುವೆ ಬಿಡಿಸಿ ಹೇಳುತ್ತಾರೆ: ಈ ಮಾತು ಯಾರದು, ಯಾರಿಗೆ, ಏಕೆ ಆಡಿದ್ದು? ಓದಲು ಬಾರದವರಿಗೂ ಕಾವ್ಯ ದಕ್ಕುತ್ತಿದ್ದುದು ಹೀಗೆ. ನನಗೆ ಅನ್ನಿಸುವುದಿಷ್ಟು: ಕ್ಯಾಂಪ್‌ಬೆಲ್ ಕಂಡ ಶಾಲೆಯಲ್ಲಿ ವಾಚನವಿತ್ತು, ವ್ಯಾಖ್ಯಾನವಿರಲಿಲ್ಲ.

ಪಠ್ಯಪುಸ್ತಕ ಗದ್ಯಕ್ಕೆ ಬಂದರೂ ಕಂಠಪಾಠದ ಚಾಳಿ ಹೋಗಲಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ‘ನಲಿ ಕಲಿ’ ಕಾರ್ಡು, ಹಾಡು, ಆಟಗಳ ಮೂಲಕ ಪ್ರತಿ ಮಗುವಿಗೂ ಅದರದೇ ವೇಗ ಕೊಡಲು ಹೊರಟಿತು. 2009-10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಆದರೆ ಅರ್ಥವಾಯಿತೋ ಇಲ್ಲವೋ ಎಂದು ನಾವು ಪರೀಕ್ಷಿಸುವ ರೀತಿ ಇನ್ನೂ ಹಳೆಯದೇ. ‘ಗಿಬ್ಬುಮರದ ಕೆಳಗೆ ಟೊಪ್ಪಳ ಮಲಗಿತ್ತು. ಟೊಪ್ಪಳ ಎಲ್ಲಿ ಮಲಗಿತ್ತು?’ ಇದಕ್ಕೆ ಯಾವ ಮಗುವೂ ಸರಿಯುತ್ತರ ಬರೆದೀತು. ಟೊಪ್ಪಳ ಎಂಬುದು ಪ್ರಾಣಿಯೋ ಪಾತ್ರೆಯೋ ಅದಕ್ಕೂ ತಿಳಿಯದು, ನನಗೂ ತಿಳಿಯದು. ಪೂರ್ತಿ ಅಂಕ ಮಾತ್ರ ಖಂಡಿತ.

ನಾನು ಮಕ್ಕಳಿಗೆ ಓದಿಸುವುದು ಬೇರೊಂದು ಸಾಲು. ಗಾಂಧಿ ಬಜಾರಿನಂಥ ಪೇಟೆಗಳ ಅಂಗಡಿಗಳಲ್ಲಿ ತೂಗುಬಿಡುತ್ತಿದ್ದ ಹಳೆಯ ಹಲಗೆಯದು: ‘ಇಂದು ನಗದು, ನಾಳೆ ಉದ್ದರಿ.’ ಒತ್ತಕ್ಷರ ಒಂದೇ. ಮೂರನೇ ತರಗತಿಯ ಮಗು ತಡೆಯಿಲ್ಲದೆ ಓದುತ್ತದೆ. ‘ಹಾಗಾದರೆ ನಾಳೆ ಬಂದರೆ ಸಾಲ ಸಿಗುತ್ತದೆಯೆ?’ ಎಂದು ಕೇಳಿದರೆ ಹೆಚ್ಚಿನವರು ‘ಹೌದು’ ಎನ್ನುತ್ತಾರೆ. ‘ನಾಳೆ ಬಂದಾಗ ಹಲಗೆಯಲ್ಲಿ ಏನು ಬರೆದಿರುತ್ತದೆ?’ ಎಂದರೆ ಒಂದು ಗಳಿಗೆ ಮೌನ. ಆಮೇಲೆ ಯಾರೋ ಒಬ್ಬರು ನಗುತ್ತಾರೆ, ಪಕ್ಕದವರಿಗೆ ಹೇಳುತ್ತಾರೆ. ಆ ಉತ್ತರ ಹಲಗೆಯ ಮೇಲೆ ಎಲ್ಲೂ ಬರೆದಿಲ್ಲ.

ತೊದಲುವ ಮಗುವನ್ನು ಶಿಕ್ಷಕರು ಬೇಗ ಗುರುತಿಸುತ್ತಾರೆ. ಸರಾಗವಾಗಿ ಓದಿಯೂ ಏನೂ ತಿಳಿಯದ ಮಗುವಿಗೆ ‘ಜಾಣ’ ಎಂದು ಬೆನ್ನು ತಟ್ಟಿ ಮುಂದಿನ ತರಗತಿಗೆ ಕಳಿಸುತ್ತೇವೆ. ಗಣಿತದ ಲೆಕ್ಕದಲ್ಲಿ, ವಿಜ್ಞಾನದ ಪಾಠದಲ್ಲಿ ಅದು ಎಡವುವಾಗ ಕಾರಣ ಯಾರಿಗೂ ಹೊಳೆಯುವುದಿಲ್ಲ. ವಾಚನದ ಜೊತೆ ವ್ಯಾಖ್ಯಾನವೂ ತರಗತಿಗೆ ಬರಬೇಕು, ಅದನ್ನು ಮಕ್ಕಳೇ ಮಾಡಬೇಕು.