ಮನೆ ಮೇಲೆ ಇನ್ನೊಂದು ಮಹಡಿ ಏರಿಸ್ತೀರಾ? ಆರ್ಕಿಟೆಕ್ಟ್ ಗೊತ್ತು ಮಾಡೋ ಮುಂಚೆ ಇದನ್ನ ಓದಿ

ದಾವಣಗೆರೆ: ಕೆಳಗೆ ಹತ್ತು ಚದರದ ಮನೆ, ಮೇಲೆ ತಾರಸಿಯಲ್ಲಿ ಆಕಾಶ ನೋಡ್ತಾ ನಿಂತ ತುಕ್ಕು ಹಿಡಿದ ಕಬ್ಬಿಣದ ಕಡ್ಡಿಗಳು. ವಿನೋಬನಗರ, ನಿಟುವಳ್ಳಿ, ಕೆಟಿಜೆ ನಗರ, ಯಾವ ಕಡೆ ಹೋದರೂ ಇಂಥ ಮನೆ ಕಣ್ಣಿಗೆ ಬೀಳುತ್ತೆ. 'ಮುಂದೆ ದುಡ್ಡು ಕೂಡಿದಾಗ ಮೇಲೆ ಕಟ್ಟೋಣ' ಅಂತ ಬಿಟ್ಟ ಕಡ್ಡಿಗಳು ಅವು. ಮಗನ ಮದುವೆ ಗೊತ್ತಾದಾಗಲೋ, ಮೇಲೊಂದು ಬಾಡಿಗೆ ಮನೆ ಇದ್ದರೆ ರಿಟೈರ್ ಆದಮೇಲೆ ಆಸರೆ ಆಗುತ್ತೆ ಅನಿಸಿದಾಗಲೋ ಆ 'ಮುಂದೆ' ಬಂದೇ ಬರುತ್ತೆ.

ಆಗ ಬಹುತೇಕ ಜನ ಮೊದಲು ಕರೆಯೋದು ಮೇಸ್ತ್ರಿಯನ್ನ. ಅವರು ಕಡ್ಡಿ ನೋಡಿ 'ಪಿಲ್ಲರ್ ಇದಾವಲ್ಲ, ಏನೂ ಆಗಲ್ಲ ಕಟ್ಟಿ' ಅಂದರೆ ಮುಗೀತು. ಮೇಸ್ತ್ರಿಗಳ ಕೈಕೆಲಸದ ಅನುಭವ ದೊಡ್ಡದು, ಅದನ್ನ ಯಾರೂ ತೆಗೆದುಹಾಕೋ ಹಾಗಿಲ್ಲ. ಆದರೆ ಹಳೇ ಪಾಯ ಎಷ್ಟು ತೂಕ ತಡೆಯುತ್ತೆ ಅಂತ ಲೆಕ್ಕ ಹಾಕೋದು ಬೇರೆಯವರ ಕೆಲಸ. ಆ ಕೆಲಸಕ್ಕೆ ಸರಿಯಾದ ವ್ಯಕ್ತಿಯನ್ನ ಹುಡುಕೋದು ಹೇಗೆ? ಏನು ಕೇಳಬೇಕು, ಯಾವ ಕಾಗದ ನೋಡಬೇಕು, ಫೀಸು ಹೇಗೆ ಕೊಡಬೇಕು? ಇಲ್ಲಿದೆ ಮಾಹಿತಿ.

ಮೊದಲು ತೂಕದ ಲೆಕ್ಕ

20×30 ಅಡಿ, ಅಂದರೆ ಆರು ಚದರದ ಒಂದು ಮಹಡಿ ಏರಿಸ್ತೀರಿ ಅಂದುಕೊಳ್ಳಿ. 5 ಇಂಚು ದಪ್ಪದ ಆರ್‌ಸಿಸಿ ಮೋಲ್ಡ್ ಒಂದು ಚದರಡಿಗೆ ಹೆಚ್ಚು ಕಮ್ಮಿ 30 ಕಿಲೋ ತೂಗುತ್ತೆ. 600 ಚದರಡಿಗೆ 17-18 ಟನ್. 9 ಇಂಚಿನ ಇಟ್ಟಿಗೆ ಗೋಡೆ 10 ಅಡಿ ಎತ್ತರ ಎದ್ದರೆ ಪ್ರತಿ ಒಂದು ಅಡಿ ಉದ್ದಕ್ಕೆ ಸುಮಾರು 400 ಕಿಲೋ. ಹೊರಗಿನ ಗೋಡೆ ಸುತ್ತಳತೆಯೇ 100 ಅಡಿ. ಬಾಗಿಲು, ಕಿಟಕಿ ಜಾಗ ಕಳೆದರೂ ಮೋಲ್ಡ್ ಸೇರಿ 50 ಟನ್ ಹತ್ತಿರ ಬರುತ್ತೆ. ಒಳಗೋಡೆ, ಪ್ಲಾಸ್ಟರ್, ಟೈಲ್ಸ್, ಮಂಚ, ಬೀರು, ಜನ ಇನ್ನೂ ಲೆಕ್ಕಕ್ಕೆ ಬಂದಿಲ್ಲ. 1000 ಲೀಟರ್ ನೀರಿನ ಟ್ಯಾಂಕ್ ತುಂಬಿದರೆ ಅದೇ ಒಂದು ಟನ್.

ಇಷ್ಟು ತೂಕ ಹೋಗಿ ಕೂರೋದು ಹಳೇ ಪಾಯದ ಮೇಲೆ, ಕೆಳಗೆ ಮನೆಮಂದಿ ಮಲಗಿರೋವಾಗ. ಅದಕ್ಕೇ ಆರ್ಕಿಟೆಕ್ಟ್ ಆಯ್ಕೆಯಲ್ಲಿ ಮೊದಲ ಪ್ರಶ್ನೆ 'ಎಲಿವೇಷನ್ ಚೆನ್ನಾಗಿ ಮಾಡ್ತಾರಾ' ಅನ್ನೋದಲ್ಲ, 'ಹಳೇ ಮನೆ ಬಂದು ನೋಡ್ತಾರಾ' ಅನ್ನೋದು.

ಯಾರು ಆರ್ಕಿಟೆಕ್ಟ್, ಯಾರು ಇಂಜಿನಿಯರ್?

ಊರಲ್ಲಿ ಬೋರ್ಡ್‌ಗಳಿಗೇನೂ ಕಮ್ಮಿ ಇಲ್ಲ. ಡಿಸೈನರ್, ಕನ್ಸಲ್ಟೆಂಟ್, ಪ್ಲಾನರ್, ಬಿಲ್ಡರ್ ಅಂತ ಎಲ್ಲ ಇದಾವೆ. ವ್ಯತ್ಯಾಸ ಇಷ್ಟು:

ಆರ್ಕಿಟೆಕ್ಟ್: ಐದು ವರ್ಷದ ಬಿ.ಆರ್ಕ್ ಓದಿ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಆದವರು. ನೋಂದಣಿ ಸಂಖ್ಯೆ 'ಸಿಎ' ಅಕ್ಷರದಿಂದ ಶುರುವಾಗಿ, ವರ್ಷ, ಆಮೇಲೆ ಸಂಖ್ಯೆ ಇರುತ್ತೆ. ಕೌನ್ಸಿಲ್ ವೆಬ್‌ಸೈಟ್‌ನಲ್ಲಿ ಹೆಸರು ಹಾಕಿ ಪರಿಶೀಲಿಸಬಹುದು. 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಪ್ರಕಾರ ನೋಂದಣಿ ಇಲ್ಲದವರು 'ಆರ್ಕಿಟೆಕ್ಟ್' ಅಂತ ಬೋರ್ಡ್ ಹಾಕೋ ಹಾಗಿಲ್ಲ. ಆದರೆ ಆ ಹೆಸರು ಬಳಸದೆ ಬೇರೆಯವರು ಮನೆ ವಿನ್ಯಾಸ ಮಾಡೋದನ್ನ ಈ ಕಾಯ್ದೆ ತಡೆಯಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಮಾರ್ಚ್ 17ರ ತೀರ್ಪಿನಲ್ಲಿ ಹೇಳಿದೆ.

ಸಿವಿಲ್ ಇಂಜಿನಿಯರ್: ಬಿಇ ಅಥವಾ ಡಿಪ್ಲೊಮಾ ಓದಿದವರು. ನಮ್ಮ ಕಡೆ ಮನೆ ಪ್ಲಾನ್ ಮಾಡಿಕೊಡೋರಲ್ಲಿ ಇವರೇ ಜಾಸ್ತಿ. ಇದರಲ್ಲಿ ತಪ್ಪೇನಿಲ್ಲ.

ಸ್ಟ್ರಕ್ಚರಲ್ ಇಂಜಿನಿಯರ್: ಕಾಲಂ, ಬೀಮ್, ಪಾಯ ಎಷ್ಟು ಭಾರ ತಡೆಯುತ್ತೆ, ಯಾವ ಕಡ್ಡಿ ಎಷ್ಟು ಬೇಕು ಅಂತ ಲೆಕ್ಕ ಕೊಡೋರು. ಹೊಸ ಮಹಡಿಗೆ ಇವರ ಸಹಿ ಇಲ್ಲದೆ ಮುಂದೆ ಹೋಗಬೇಡಿ. ಆರ್ಕಿಟೆಕ್ಟ್ ಎಷ್ಟೇ ಹೆಸರು ಮಾಡಿರಲಿ, 'ನಿಮ್ಮ ಕಡೆ ಸ್ಟ್ರಕ್ಚರಲ್ ಲೆಕ್ಕ ಯಾರು ಮಾಡ್ತಾರೆ? ಅವರು ಸೈಟ್‌ಗೆ ಬರ್ತಾರಾ?' ಅಂತ ಕೇಳಿ.

ಮೊದಲ ಭೇಟಿಯಲ್ಲೇ ಗೊತ್ತಾಗುತ್ತೆ

ಫೋನ್‌ನಲ್ಲೇ ಸೈಟ್ ಅಳತೆ ಕೇಳಿ, ಸಂಜೆ ವಾಟ್ಸಾಪ್‌ಗೆ ಬಣ್ಣ ಬಣ್ಣದ ಎಲಿವೇಷನ್ ಕಳಿಸೋರನ್ನ ನಂಬಿ ಕೆಲಸ ಶುರು ಮಾಡಬೇಡಿ. ಸರಿಯಾದವರು ಮನೆಗೆ ಬಂದಾಗ ಈ ಕೆಲಸ ಮಾಡ್ತಾರೆ:

1. ಮನೆ ಯಾವ ವರ್ಷ ಕಟ್ಟಿದ್ದು, ಲೋಡ್ ಬೇರಿಂಗಾ ಪಿಲ್ಲರ್ ಮನೆಯಾ ಅಂತ ಕೇಳ್ತಾರೆ. ಗೋಡೆ ಮೇಲೇ ಮೋಲ್ಡ್ ಕೂತ ಮನೆಗೆ ಒಂದು ಲೆಕ್ಕ, ಕಾಲಂ ಮೇಲೆ ನಿಂತ ಮನೆಗೆ ಇನ್ನೊಂದು ಲೆಕ್ಕ. ಹಳೇ ಮದ್ರಾಸ್ ತಾರಸಿ, ಮಾಳಿಗೆ ಮನೆ ಆದರೆ ಮಾತೇ ಬೇರೆ. ಅದರ ಮೇಲೆ ನೇರವಾಗಿ ಮಹಡಿ ಕೂರಿಸೋ ಮಾತಾಡೋರಿಂದ ದೂರ ಇರಿ.

2. ಬಿರುಕು ಹುಡುಕ್ತಾರೆ. ಕಿಟಕಿ ಮೂಲೆಯಿಂದ ಓರೆಯಾಗಿ ಇಳಿದ ಬಿರುಕು ಇದ್ದರೆ ಪಾಯ ಕುಸಿದಿರಬಹುದು. ಕಾಲಂ, ಬೀಮ್ ಉದ್ದಕ್ಕೂ ಕಂದು ಕಲೆ ಜೊತೆ ಬಿರುಕು ಇದ್ದರೆ ಒಳಗಿನ ಕಡ್ಡಿಗೆ ತುಕ್ಕು ಹಿಡಿದಿರೋ ಸಾಧ್ಯತೆ ಜಾಸ್ತಿ. ಬಿರುಕು ಇನ್ನೂ ಬೆಳೀತಿದೆಯಾ ಅಂತ ನೋಡೋಕೆ ಅದರ ಮೇಲೆ ಅಡ್ಡಡ್ಡ ಸಣ್ಣ ಗಾಜಿನ ಪಟ್ಟಿ ಅಂಟಿಸಿ ಕೆಲವು ತಿಂಗಳು ಬಿಡೋದು ಹಳೇ ಪದ್ಧತಿ. ಗಾಜು ಒಡೆದರೆ ಗೋಡೆ ಇನ್ನೂ ಅಲುಗಾಡ್ತಿದೆ ಅಂತಲೇ ಅರ್ಥ.

3. ಪಾಯದ ಪಕ್ಕ ಒಂದೆರಡು ಕಡೆ ಗುಂಡಿ ತೆಗೆಸಿ ಆಳ, ಅಗಲ, ಮಣ್ಣು ನೋಡ್ತಾರೆ. ಎರೆ ಮಣ್ಣು ಇರೋ ಕಡೆ ಇದು ಬಿಡಲೇಬಾರದ ಕೆಲಸ. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತೆ, ಬೇಸಿಗೆಯಲ್ಲಿ ಬಿರಿಯುತ್ತೆ. ನೋಡಿದ ಮೇಲೆ ಗುಂಡಿ ಹಾಗೇ ಬಿಡದೆ ಗಟ್ಟಿಯಾಗಿ ಮುಚ್ಚಿಸಬೇಕು.

4. ತಾರಸಿ ಮೇಲಿನ ಕಡ್ಡಿ ಪರೀಕ್ಷೆ ಮಾಡ್ತಾರೆ. ಎಷ್ಟೋ ಮಳೆಗಾಲ ನೆನೆದ ಕಡ್ಡಿ ಸವೆದು ಸಣ್ಣ ಆಗಿರುತ್ತೆ. ಹೊಸ ಕಡ್ಡಿ ಜೋಡಿಸೋಕೆ ಹಳೇ ಕಡ್ಡಿ ಸಾಕಷ್ಟು ಉದ್ದ ಹೊರಗಿರಬೇಕು. 12 ಎಂಎಂ ಕಡ್ಡಿಗೆ ಸಾಮಾನ್ಯವಾಗಿ ಎರಡು ಅಡಿ ಆಸುಪಾಸು ಬೇಕಾಗುತ್ತೆ. ಇನ್ನೊಂದು ಮಾತು: ಕಡ್ಡಿ ಬಿಟ್ಟಿದಾರೆ ಅಂದ ಮಾತ್ರಕ್ಕೆ ಕೆಳಗಿನ ಪಾಯ ಎರಡು ಮಹಡಿ ಲೆಕ್ಕದಲ್ಲಿ ಹಾಕಿದಾರೆ ಅಂತ ಅರ್ಥ ಅಲ್ಲ.

5. ಅನುಮಾನ ಬಂದರೆ ಟೆಸ್ಟ್ ಹೇಳ್ತಾರೆ. ರಿಬೌಂಡ್ ಹ್ಯಾಮರ್ ಟೆಸ್ಟ್ ಕಾಂಕ್ರೀಟ್ ಮೇಲ್ಮೈ ಎಷ್ಟು ಗಟ್ಟಿ ಅಂತ ತೋರಿಸುತ್ತೆ. ಒಳಗಿನ ನಿಜಾಂಶಕ್ಕೆ ಕೋರ್ ತೆಗೆದು ಲ್ಯಾಬ್‌ಗೆ ಕಳಿಸಬೇಕು.

ಪಕ್ಕದಲ್ಲಿ ರೂಮ್ ಕಟ್ಟೋದಾದರೆ

ಮೇಲೆ ಬೇಡ, ಹಿತ್ತಲಲ್ಲಿ ಒಂದು ರೂಮ್ ಸಾಕು ಅನ್ನೋರೂ ಇದಾರೆ. ಅಲ್ಲಿ ತೊಂದರೆ ಬೇರೆ ಥರ. ಹಳೇ ಪಾಯ ಇಳಿಯೋಷ್ಟು ಇಳಿದು ಕೂತಾಗಿರುತ್ತೆ, ಹೊಸ ಪಾಯ ಈಗ ಇಳಿಯೋಕೆ ಶುರು ಮಾಡುತ್ತೆ. ಎರಡೂ ಗೋಡೆ ಕಚ್ಚಿಸಿ ಕಟ್ಟಿಬಿಟ್ಟರೆ ಸೇರೋ ಜಾಗದಲ್ಲಿ ಮೇಲಿಂದ ಕೆಳಗೆ ಸೀಳು ಬಂದು, ಮಳೆಗಾಲದಲ್ಲಿ ಅಲ್ಲೇ ಸೋರುತ್ತೆ. ಅದಕ್ಕೆ ನಡುವೆ ಜಾಯಿಂಟ್ ಬಿಡಬೇಕು, ನೀರು ಇಳಿಯದ ಹಾಗೆ ಮುಚ್ಚಬೇಕು. ಹಳೇ ಪಾಯದ ಪಕ್ಕದಲ್ಲೇ ಅದಕ್ಕಿಂತ ಆಳ ಅಗೆದರೆ ಹಳೇ ಗೋಡೆಗೇ ಅಪಾಯ. 'ಈ ಎರಡನ್ನೂ ಹೇಗೆ ಸೇರಿಸ್ತೀರಿ?' ಅಂತ ಕೇಳಿ. ಕಾಗದದ ಮೇಲೆ ಬರೆದು ತೋರಿಸೋರು ಕೆಲಸ ಗೊತ್ತಿರೋರು.

ಪರವಾನಗಿ, ಕರೆಂಟ್ ವೈರ್ ಮರೀಬೇಡಿ

ಹಳೇ ಮನೆಗೆ ಲೈಸೆನ್ಸ್ ಇದೆ ಅಂತ ಹೊಸ ಮಹಡಿ ಕಟ್ಟೋಕೆ ಆಗಲ್ಲ. ಅದಕ್ಕೆ ಬೇರೆ ಪರವಾನಗಿ ಬೇಕು. ದಾವಣಗೆರೆ ನಗರದಲ್ಲಿ 1976ರ ಕರ್ನಾಟಕ ಮಹಾನಗರಪಾಲಿಕೆಗಳ ಅಧಿನಿಯಮದ ಪ್ರಕಾರ ಪಾಲಿಕೆ ಕೊಡಬೇಕು. ಹರಿಹರದಂಥ ಪಟ್ಟಣಗಳಿಗೆ 1964ರ ಪುರಸಭೆಗಳ ಅಧಿನಿಯಮ. ಹಳ್ಳಿಗಳಲ್ಲಿ 1993ರ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದ 64ನೇ ಪ್ರಕರಣದ ಪ್ರಕಾರ ಗ್ರಾಮ ಪಂಚಾಯಿತಿ. ಸುತ್ತ ಎಷ್ಟು ಜಾಗ ಬಿಡಬೇಕು, ಎಷ್ಟು ಮಹಡಿ ಏರಿಸಬಹುದು ಅನ್ನೋದು ಸೈಟ್ ಅಳತೆ, ರಸ್ತೆ ಅಗಲ ನೋಡಿ ಬದಲಾಗುತ್ತೆ. 'ಪರ್ಮಿಷನ್ ನಾನು ನೋಡ್ಕೋತೀನಿ, ನೀವು ಕೆಲಸ ಶುರು ಮಾಡಿ' ಅನ್ನೋರ ಮಾತು ನಂಬಬೇಡಿ. ನೋಟಿಸ್ ಬಂದರೆ ಅದರಲ್ಲಿ ಇರೋದು ನಿಮ್ಮ ಹೆಸರು.

ಇನ್ನೊಂದು ಜೀವದ ಪ್ರಶ್ನೆ. ಕೆಳಗಿನ ಮನೆ ಇದ್ದಾಗ ದೂರ ಕಾಣ್ತಿದ್ದ ರಸ್ತೆ ಬದಿಯ ವೈರ್, ಮೇಲಿನ ಮಹಡಿ ಬಾಲ್ಕನಿಗೆ ಕೈಗೆ ಸಿಗೋ ಹಾಗಾಗುತ್ತೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮದ ಪ್ರಕಾರ ಮಾಮೂಲಿ ಮನೆ ಲೈನ್‌ನಿಂದಲೂ 11 ಕೆವಿ ಲೈನ್‌ನಿಂದಲೂ ಕಟ್ಟಡ ಪಕ್ಕಕ್ಕೆ ಕನಿಷ್ಠ 1.2 ಮೀಟರ್ ದೂರ ಇರಬೇಕು. ಲೈನ್ ಕಟ್ಟಡದ ಮೇಲೆ ಹಾದು ಹೋಗ್ತಿದ್ದರೆ ಮನೆ ಲೈನ್‌ಗೆ 2.5 ಮೀಟರ್, 11 ಕೆವಿಗೆ 3.7 ಮೀಟರ್ ಎತ್ತರದ ಅಂತರ ಬೇಕು. ಸೆಂಟ್ರಿಂಗ್ ಹುಡುಗರು ಉದ್ದದ ಕಡ್ಡಿ ಎತ್ತೋದು ಇದೇ ಜಾಗದಲ್ಲಿ. ಪ್ಲಾನ್ ಮಾಡೋರು ಮೊದಲ ದಿನವೇ ತಲೆ ಎತ್ತಿ ವೈರ್ ನೋಡಬೇಕು. ಹತ್ತಿರ ಇದ್ದರೆ ಕೆಲಸಕ್ಕೂ ಮುಂಚೆ ಬೆಸ್ಕಾಂಗೆ ಅರ್ಜಿ ಕೊಡಿ.

ಫೀಸು ಹೇಗೆ?

ಮೂರು ಪದ್ಧತಿ ಇದೆ: ಒಟ್ಟು ಖರ್ಚಿನ ಮೇಲೆ ಶೇಕಡಾ ಇಷ್ಟು, ಚದರಡಿಗೆ ಇಷ್ಟು, ಇಲ್ಲಾ ಒಟ್ಟಿಗೆ ಇಷ್ಟು. ಜಿಎಸ್‌ಟಿ ನೋಂದಣಿ ಇದ್ದವರಾದರೆ ಫೀಸಿನ ಮೇಲೆ ಶೇ 18 ಸೇರುತ್ತೆ. ಯಾವ ಪದ್ಧತಿ ಆದರೂ ಫೀಸಿಗೆ ಏನೇನು ಸಿಗುತ್ತೆ ಅನ್ನೋದು ಬರವಣಿಗೆಯಲ್ಲಿ ಇರಲಿ:

- ಹಳೇ ಮನೆ ಪರಿಶೀಲನೆ ಮಾಡಿದ ವರದಿ
- ಪರವಾನಗಿಗೆ ಬೇಕಾದ ನಕ್ಷೆ
- ಕೆಲಸದ ಡ್ರಾಯಿಂಗ್, ಸ್ಟ್ರಕ್ಚರಲ್ ಡ್ರಾಯಿಂಗ್, ಕರೆಂಟ್ ಮತ್ತು ನೀರಿನ ಪೈಪ್ ಡ್ರಾಯಿಂಗ್
- ನಿಜವಾದ ಎಸ್ಟಿಮೇಟ್ (ಲೋನ್‌ಗೆ ಅಂತ ಬ್ಯಾಂಕ್‌ಗೆ ಕೊಡೋ ಎಸ್ಟಿಮೇಟ್ ನೋಡಿ ಖರ್ಚಿಗೆ ಇಳಿಯಬೇಡಿ)
- ಎಷ್ಟು ಸಲ ಸೈಟ್‌ಗೆ ಬರ್ತಾರೆ, ಯಾವ ಹಂತದಲ್ಲಿ ಬರ್ತಾರೆ

ಕೊನೆಯದು ಬಹಳ ಮುಖ್ಯ. ಮೋಲ್ಡ್ ಹಾಕೋ ಮುಂಚೆ ಕಡ್ಡಿ ಕಟ್ಟಿದ್ದು ಅವರೇ ಬಂದು ನೋಡಲೇಬೇಕು. ಕಾಂಕ್ರೀಟ್ ಬಿದ್ದ ಮೇಲೆ ಒಳಗೆ ಏನಿದೆ ಅಂತ ಯಾರಿಗೂ ಕಾಣಲ್ಲ. ಫೀಸನ್ನೂ ಒಂದೇ ಸಲ ಕೊಡಬೇಡಿ. ವರದಿಗೆ ಇಷ್ಟು, ಡ್ರಾಯಿಂಗ್‌ಗೆ ಇಷ್ಟು, ಮೋಲ್ಡ್ ಆದಾಗ ಇಷ್ಟು, ಮುಗಿದ ಮೇಲೆ ಇಷ್ಟು ಅಂತ ಹಂತ ಮಾಡ್ಕೊಳ್ಳಿ. ಆನ್‌ಲೈನ್ ಇಲ್ಲವೇ ಚೆಕ್ ಮೂಲಕ ಕೊಟ್ಟು ರಸೀದಿ ಇಟ್ಟುಕೊಳ್ಳಿ.

ವಾಸ್ತು, ಆಯ ನೋಡೋರು ಅದನ್ನ ಮೊದಲ ದಿನವೇ ಹೇಳಿಬಿಡಿ. ಕಾಲಂ ಎದ್ದ ಮೇಲೆ ಮನೆ ಹಿರಿಯರು ಬಂದು 'ಮೆಟ್ಟಿಲು ಈ ಕಡೆ ಬರಬಾರದಿತ್ತು' ಅಂದರೆ ದುಡ್ಡೂ ಹೋಯ್ತು, ನೆಮ್ಮದಿಯೂ ಹೋಯ್ತು.

ಅವರು ಮಾಡಿಸಿದ ಮನೆ ನೋಡಿ ಬನ್ನಿ

ಫೋಟೋ ಸಾಲದು. ಅವರು ಮಹಡಿ ಏರಿಸಿದ, ಕನಿಷ್ಠ ಎರಡು ಮಳೆಗಾಲ ಕಳೆದ ಮನೆಯ ವಿಳಾಸ ಕೇಳಿ. ಆ ಮನೆಯವರ ಹತ್ತಿರ ಕೇಳಬೇಕಾದ್ದು ಮೂರೇ: ಎಲ್ಲಾದರೂ ಸೋರ್ತಿದೆಯಾ? ಹೇಳಿದ ಖರ್ಚಿಗೂ ಆದ ಖರ್ಚಿಗೂ ಎಷ್ಟು ವ್ಯತ್ಯಾಸ ಬಂತು? ಕೆಲಸ ನಡೀವಾಗ ಫೋನ್ ಎತ್ತುತ್ತಿದ್ದರಾ? ಮೇಸ್ತ್ರಿ ಅಥವಾ ಅಂಗಡಿಯವರ ಕಡೆಯಿಂದ ಕಮಿಷನ್ ತಗೋತಾರಾ ಅನ್ನೋದನ್ನೂ ನೇರವಾಗಿ ಕೇಳಿ, ಅದರಲ್ಲಿ ಸಂಕೋಚ ಬೇಡ.

'ಬೇಡ' ಅನ್ನೋರಿಗೂ ಫೀಸು ಕೊಡಿ

ಪರೀಕ್ಷೆ ಮಾಡಿ 'ಈ ಪಾಯ ಮೇಲಿನ ಮಹಡಿ ತಡೆಯಲ್ಲ' ಅಂದರೆ ಬೇಜಾರು ಆಗೋದು ಸಹಜ. ಆಗ 'ಆಗುತ್ತೆ' ಅನ್ನೋ ಇನ್ನೊಬ್ಬರನ್ನ ಹುಡುಕಿಕೊಂಡು ಹೋಗಬೇಡಿ. 'ಬೇರೆ ದಾರಿ ಏನಿದೆ' ಅಂತ ಅವರನ್ನೇ ಕೇಳಿ. ದಾರಿ ಇರುತ್ತೆ. ಇಟ್ಟಿಗೆ ಬದಲು ಎಎಸಿ ಬ್ಲಾಕ್ ಬಳಸಿದರೆ ಗೋಡೆ ತೂಕ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತೆ. ಮೋಲ್ಡ್ ಬದಲು ಕಬ್ಬಿಣದ ಫ್ರೇಮ್ ಮೇಲೆ ಶೀಟ್ ಹಾಕಬಹುದು. ಹಳೇ ಕಾಲಂ ಸುತ್ತ ಹೊಸ ಕಾಂಕ್ರೀಟ್ ಕವಚ ಕಟ್ಟಿ ಬಲಪಡಿಸೋದೂ ಉಂಟು. ಹಳೇ ಮನೆಗೆ ಭಾರ ಬೀಳದ ಹಾಗೆ ಹೊರಗಡೆ ಬೇರೆ ಪಾಯದಿಂದ ಕಾಲಂ ಎತ್ತೋದೂ ಉಂಟು. ಯಾವುದು ನಿಮ್ಮ ಮನೆಗೆ ಸರಿ ಅಂತ ಲೆಕ್ಕ ಹಾಕಿದವರೇ ಹೇಳಬೇಕು. ಯಾವುದೂ ಆಗಲ್ಲ ಅಂದರೆ ನಿಮ್ಮ ಜೀವಮಾನದ ಉಳಿತಾಯವೂ ಕೆಳಗೆ ಮಲಗೋರ ಪ್ರಾಣವೂ ಉಳೀತು ಅಂತ ತಿಳ್ಕೊಳ್ಳಿ. ಫೀಸಿಗೆ ಅದಕ್ಕಿಂತ ಒಳ್ಳೇ ಬೆಲೆ ಸಿಗಲ್ಲ.

ಮೋಸ ಆದರೆ?

ದುಡ್ಡು ತಗೊಂಡು ಕೆಲಸ ಸರಿ ಮಾಡದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ನೀವು ಕೊಟ್ಟ ಹಣ 5 ಲಕ್ಷ ರೂಪಾಯಿವರೆಗೆ ಇದ್ದರೆ ದೂರಿಗೆ ಶುಲ್ಕ ಇಲ್ಲ. ನೋಂದಾಯಿತ ಆರ್ಕಿಟೆಕ್ಟ್ ಆಗಿದ್ದರೆ ವೃತ್ತಿ ದುರ್ನಡತೆ ಬಗ್ಗೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ಗೂ ದೂರು ಸಲ್ಲಿಸಬಹುದು. ಎರಡಕ್ಕೂ ಬರಹದ ಒಪ್ಪಂದ, ರಸೀದಿ, ವಾಟ್ಸಾಪ್ ಸಂದೇಶಗಳೇ ಆಧಾರ.

ಕರೆಯೋ ಮುಂಚೆ ಕೈಯಲ್ಲಿ ಇರಲಿ

- ಖಾತಾ ನಕಲು, ಈ ಸಾಲಿನ ಕಂದಾಯ ರಸೀದಿ
- ಹಳೇ ಮನೆಯ ಮಂಜೂರಾದ ನಕ್ಷೆ, ಲೈಸೆನ್ಸ್
- ಪಾಯ ತೆಗೆದಾಗ, ಮೋಲ್ಡ್ ಹಾಕಿದಾಗ ತೆಗೆದ ಫೋಟೋ ಇದ್ದರೆ ಅದು
- ಆಗ ಕೆಲಸ ಮಾಡಿದ ಮೇಸ್ತ್ರಿ ಫೋನ್ ನಂಬರ್ (ಪಾಯ ಎಷ್ಟು ಆಳ ಹೋಗಿತ್ತು ಅಂತ ಅವರಿಗೆ ನೆನಪಿರಬಹುದು)
- ನಿಮ್ಮ ಹತ್ತಿರ ನಿಜವಾಗಿ ಎಷ್ಟು ದುಡ್ಡಿದೆ ಅನ್ನೋ ಲೆಕ್ಕ, ಅದರಲ್ಲಿ ಒಂದಿಷ್ಟು ತೆಗೆದಿಟ್ಟು ಉಳಿದದ್ದನ್ನ ಮಾತ್ರ ಹೇಳಿ

ಪಕ್ಕದ ಮನೆಯವರಿಗೂ ಒಂದು ಮಾತು ತಿಳಿಸಿ. ಗುಂಡಿ ತೆಗೆಸೋ ಮುಂಚೆ ಅವರ ಗೋಡೆಯಲ್ಲಿ ಈಗಾಗಲೇ ಇರೋ ಬಿರುಕುಗಳನ್ನ ಅವರೆದುರೇ ಫೋಟೋ ತೆಗೆದಿಟ್ಟುಕೊಂಡರೆ, ನಾಳೆ 'ನಿಮ್ಮ ಕೆಲಸದಿಂದಲೇ ಬಿರುಕು ಬಂತು' ಅನ್ನೋ ಜಗಳ ಇರಲ್ಲ.