ಎಂಟನೇ ತರಗತಿಯ ಸೈಕಲ್

ಸ್ಮರಣ ಸಂಚಿಕೆಗೆ ಶಾಲೆಯ ಇತಿಹಾಸದ ಯಾವುದಾದರೂ ಒಂದು ಭಾಗ ಬರೆದುಕೊಡಿ ಎಂದು ಸಮಿತಿಯವರು ಕೇಳುವಷ್ಟರಲ್ಲಿ ನಿವೇಶನ ಕೊಟ್ಟ ದಾನಿಗಳು, ಮುಖ್ಯೋಪಾಧ್ಯಾಯರ ಪಟ್ಟಿ, ಎಸ್ಸೆಸ್ಸೆಲ್ಸಿ ಫಲಿತಾಂಶ ಎಲ್ಲವೂ ಹಂಚಿಹೋಗಿದ್ದವು. ನನಗೆ ಉಳಿದದ್ದು ಶಾಲೆಗೆ ಬರುವ ದಾರಿ. ಇಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು ನಾನು. ನನ್ನನ್ನು ಕೇಳಿದರೆ ಈ ಶಾಲೆಯ ಚರಿತ್ರೆಯ ಅರ್ಧಭಾಗ ನಡೆದಿರುವುದು ಕಾಂಪೌಂಡಿನ ಹೊರಗೇ.

ನಮ್ಮ ರಾಜ್ಯದಲ್ಲಿ ಬಹುಪಾಲು ಹಳ್ಳಿಯ ಶಾಲೆಗಳು ಏಳನೇ ತರಗತಿಗೆ ಮುಗಿಯುತ್ತವೆ. ಎಂಟಕ್ಕೆ ಬೇರೆ ಊರಿನ ಹೈಸ್ಕೂಲಿಗೆ ಹೋಗಬೇಕು. ಮಗುವಿಗೆ ಆಗ ಹದಿಮೂರು ವರ್ಷ. ಪ್ರಾಥಮಿಕ ಶಾಲೆ ಒಂದು ಕಿಲೋಮೀಟರಿನೊಳಗೆ, ಹಿರಿಯ ಪ್ರಾಥಮಿಕ ಮೂರು ಕಿಲೋಮೀಟರಿನೊಳಗೆ, ಪ್ರೌಢಶಾಲೆ ಐದು ಕಿಲೋಮೀಟರಿನೊಳಗೆ ಇರಬೇಕೆಂಬ ಲೆಕ್ಕ ಸರ್ಕಾರದ ಕಾಗದಗಳಲ್ಲಿದೆ. ಐದು ಕಿಲೋಮೀಟರ್ ಎಂದರೆ ಹೋಗಿಬರಲು ಹತ್ತು. ಮನೆಯಲ್ಲಿ ನೀರು ತಂದು, ಕೊಟ್ಟಿಗೆ ಕಸ ಬಾಚಿ, ಆಮೇಲೆ ಹೊರಡುವ ಹುಡುಗಿಗೆ ಆ ಹತ್ತು ಬಲು ದೂರ.

ಶಾಲೆ ಆರಂಭವಾದ ಕಾಲದಲ್ಲಿ ಸೈಕಲ್ ಎಂದರೆ ಗಂಡಸರ ಸೊತ್ತು. ಮದರಾಸಿನ ಟಿ.ಐ. ಸೈಕಲ್ಸ್ 1949ರಲ್ಲಿ, ಲೂಧಿಯಾನದ ಹೀರೋ 1956ರಲ್ಲಿ ಶುರುವಾಗಿದ್ದರೂ ಹಳ್ಳಿಯಲ್ಲಿ ಸೈಕಲ್ ಇದ್ದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಮದುವೆಯಲ್ಲಿ ಅಳಿಯನಿಗೆ ವಾಚು, ಸೈಕಲ್ ಕೊಡುವುದು ದೊಡ್ಡ ಮಾತು. ಹುಡುಗರು ಬಸ್ ಸ್ಟ್ಯಾಂಡಿನ ಬಾಡಿಗೆ ಅಂಗಡಿಯಿಂದ ಗಂಟೆ ಲೆಕ್ಕದಲ್ಲಿ ತಂದು, ಸೀಟಿಗೆ ಕಾಲು ಎಟುಕದೆ ಬಾರಿನ ಕೆಳಗೆ ಕಾಲು ತೂರಿಸಿ ತುಳಿದು ಕಲಿತರು. ಈ ಸಂಚಿಕೆ ಓದುವ ಹಿರಿಯ ವಿದ್ಯಾರ್ಥಿಗಳಲ್ಲಿ ಹಲವರ ಮೊಣಕಾಲಿನಲ್ಲಿ ಆ ಗಾಯದ ಗುರುತು ಇನ್ನೂ ಇರಬೇಕು. ಆದರೆ ಹುಡುಗಿ ಸೈಕಲ್ ಹತ್ತಿದರೆ ಊರು ನಿಂತು ನೋಡುತ್ತಿತ್ತು.

ಜೂನ್ ತಿಂಗಳಲ್ಲಿ ನಾವು ಶಿಕ್ಷಕರು ಸುತ್ತಲಿನ ಹಳ್ಳಿಗಳಿಗೆ ದಾಖಲಾತಿಗೆ ಹೋಗುತ್ತಿದ್ದೆವು. ಏಳನೇ ತರಗತಿಯಲ್ಲಿ ಚೆನ್ನಾಗಿ ಓದಿದ ಹುಡುಗಿಯರ ಮನೆಗಳಲ್ಲೂ ಒಂದೇ ಉತ್ತರ. "ಓದಿಸಬಾರದು ಅಂತಲ್ಲ ಮೇಷ್ಟ್ರೇ. ಆ ತೋಪಿನ ಹಾದೀಲಿ ಹೆಣ್ಣುಮಗೀನ ಒಬ್ಬಳನ್ನೇ ಹೆಂಗೆ ಕಳಿಸೋದು? ಕತ್ತಲಾದ ಮೇಲೆ ಬಂದರೆ ಏನು ಗತಿ?" ಎಂದು ಒಬ್ಬ ತಂದೆ ಕೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ. ಅವರನ್ನು ಅಜ್ಞಾನಿ ಎಂದು ಕರೆಯುವುದು ಸುಲಭ. ಆದರೆ ಆ ಹಾದಿಯಲ್ಲಿ ನಾನೂ ನಡೆದಿದ್ದೇನೆ. ಅವರ ಭಯ ಸುಳ್ಳಾಗಿರಲಿಲ್ಲ.

ಸೈಕಲ್ ಹೆಣ್ಣಿನ ಕೈಗೆ ಬಂದರೆ ಏನಾಗುತ್ತದೆ ಎಂಬುದನ್ನು ಪಕ್ಕದ ತಮಿಳುನಾಡು ನಮಗಿಂತ ಮೊದಲೇ ಕಂಡಿತ್ತು. 1991ರ ಹೊತ್ತಿಗೆ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್ ಅವರು ಸೈಕಲ್ ಕಲಿಕೆಯನ್ನೂ ಸೇರಿಸಿದರು. ಕ್ವಾರಿಯಲ್ಲಿ ಕಲ್ಲು ಒಡೆಯುವವರು, ಕೂಲಿಯವರು, ಅಂಗನವಾಡಿಯವರು ಹೀಗೆ ಸಾವಿರಾರು ಹೆಂಗಸರು ಸೈಕಲ್ ಕಲಿತರು. ಪತ್ರಕರ್ತ ಪಿ. ಸಾಯಿನಾಥ್ ಅದನ್ನು ಬರೆದು ದೇಶಕ್ಕೆ ತಿಳಿಸಿದರು.

ನಮ್ಮಲ್ಲಿ ಅದು ಬಂದದ್ದು 2006-07ರಲ್ಲಿ. ಎಚ್.ಡಿ. ಕುಮಾರಸ್ವಾಮಿಯವರು ಮುಖ್ಯಮಂತ್ರಿ, ಬಿ.ಎಸ್. ಯಡಿಯೂರಪ್ಪನವರು ಉಪಮುಖ್ಯಮಂತ್ರಿ ಮತ್ತು ಹಣಕಾಸು ಸಚಿವರು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ತರಗತಿಗೆ ಉಚಿತ ಸೈಕಲ್. ಹುಡುಗಿಯರಿಂದ ಆರಂಭವಾಗಿ ಬೇಗನೆ ಹುಡುಗರಿಗೂ ಸಿಕ್ಕಿತು. ಹಾಸ್ಟೆಲಿನಲ್ಲಿರುವವರಿಗೆ, ಬಸ್ ಪಾಸ್ ಇರುವವರಿಗೆ ಇಲ್ಲ. ಎಂಟನೆಯ ತರಗತಿಯನ್ನೇ ಆರಿಸಿದ್ದರಲ್ಲಿ ಜಾಣತನವಿತ್ತು. ಮಕ್ಕಳು ಕಳಚಿಕೊಳ್ಳುತ್ತಿದ್ದದ್ದು ಸರಿಯಾಗಿ ಆ ಮೆಟ್ಟಿಲಿನಲ್ಲೇ.

ಎಲ್ಲ ಸುಸೂತ್ರವಾಗಿತ್ತು ಎಂದು ಬರೆದರೆ ಹಳೆಯ ವಿದ್ಯಾರ್ಥಿಗಳು ನಗುತ್ತಾರೆ. ಕೆಲವು ವರ್ಷ ಸೈಕಲ್ ಬಂದದ್ದು ಮಳೆಗಾಲ ಕಳೆದ ಮೇಲೆ. ಬಿಡಿ ಭಾಗಗಳಾಗಿ ಬಂದದ್ದನ್ನು ಅವಸರದಲ್ಲಿ ಜೋಡಿಸಿರುತ್ತಿದ್ದರು. ನಟ್ಟು ಸಡಿಲ, ಬ್ರೇಕ್ ಹಿಡಿಯದು, ಒಂದು ತಂಡದ ಸೈಕಲ್‌ಗಳ ಪೆಡಲು ತಿಂಗಳೊಳಗೆ ಕಳಚಿಬಿದ್ದವು. ವಿತರಣೆಯ ದಿನ ಮಾಲೆ, ಭಾಷಣ, ಫೋಟೋ. ಮರುದಿನ ಮಕ್ಕಳು ಅವನ್ನು ತಳ್ಳಿಕೊಂಡು ಪಂಕ್ಚರ್ ಅಂಗಡಿಗೆ ಸಾಲುಗಟ್ಟುತ್ತಿದ್ದರು. ಅಂಗಡಿಯವನು ಅರ್ಧ ದುಡ್ಡಿಗೆ ಬಿಗಿದುಕೊಡುತ್ತಿದ್ದ, ಕೆಲವರಿಗೆ ಅದೂ ಇಲ್ಲ. ಈ ಸಂಚಿಕೆಯ ದಾನಿಗಳ ಪುಟದಲ್ಲಿ ಅವನ ಹೆಸರೂ ಬರಲಿ ಎಂದು ಸಮಿತಿಗೆ ಹೇಳಿದ್ದೇನೆ.

ಇಷ್ಟಾದರೂ ಬದಲಾವಣೆ ಕಣ್ಣಿಗೆ ಕಾಣುವಂತಿತ್ತು. ಮೊದಲ ಪಿರಿಯಡ್ಡಿನ ಹಾಜರಿ ತುಂಬತೊಡಗಿತು. ಒಂದೊಂದು ಹಳ್ಳಿಯಿಂದ ನಾಲ್ಕೈದು ಹುಡುಗಿಯರು ಗುಂಪಾಗಿ ಬರುತ್ತಿದ್ದರು. ಗುಂಪಾಗಿ ಬಂದದ್ದರಿಂದಲೇ ತೋಪಿನ ಹಾದಿಯ ಭಯ ಕಡಿಮೆಯಾಯಿತು. ಒಬ್ಬಳಿಗೆ ಮಾತ್ರ ಸೈಕಲ್ ಕೊಟ್ಟಿದ್ದರೆ ಹೀಗಾಗುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಭಾನುವಾರ ಅದೇ ಸೈಕಲಿನ ಕ್ಯಾರಿಯರಿನಲ್ಲಿ ರಾಗಿ ಮೂಟೆ ಮಿಲ್ಲಿಗೆ ಹೋಗುತ್ತಿತ್ತು. ಹೋಗಲಿ ಬಿಡಿ, ಮನೆಗೆ ಉಪಯೋಗಕ್ಕೆ ಬಂದದ್ದಕ್ಕೇ ತಂದೆತಾಯಿ ಸೈಕಲನ್ನು ಮಾರಲಿಲ್ಲ.

ಇದು ಮೇಷ್ಟ್ರ ಅಭಿಮಾನದ ಮಾತು ಎನ್ನುವವರಿಗೆ ಬಿಹಾರದ ಲೆಕ್ಕವಿದೆ. 2006ರಲ್ಲೇ ನಿತೀಶ್ ಕುಮಾರ್ ಸರ್ಕಾರ ಒಂಬತ್ತನೇ ತರಗತಿಯ ಹುಡುಗಿಯರಿಗೆ ಸೈಕಲ್ ಕೊಳ್ಳಲು 2000 ರೂಪಾಯಿ ಕೊಟ್ಟಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಪಕ್ಕದ ಜಾರ್ಖಂಡಿನೊಡನೆ ಹೋಲಿಸಿ ನೋಡಿದರು. ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇ. 32ರಷ್ಟು ಏರಿತ್ತು, ಹುಡುಗ ಹುಡುಗಿಯರ ನಡುವಿನ ಅಂತರ ಶೇ. 40ರಷ್ಟು ಇಳಿದಿತ್ತು. ಹೆಚ್ಚಳ ಬಹುಪಾಲು ಕಂಡದ್ದು ಶಾಲೆ ಮೂರು ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲಿ. ಆಫ್ರಿಕಾದ ಜಾಂಬಿಯಾದಲ್ಲೂ ಮೂರು ಕಿಲೋಮೀಟರಿಗಿಂತ ಆಚೆಯಿಂದ ನಡೆದು ಬರುವ ಹುಡುಗಿಯರಿಗೆ ಗಟ್ಟಿಮುಟ್ಟಾದ ಸೈಕಲ್ ಕೊಟ್ಟು ನೋಡಿದಾಗ ಪ್ರಯಾಣದ ಸಮಯ ಮೂರನೇ ಒಂದರಷ್ಟು ಕಡಿಮೆಯಾಗಿ, ಗೈರುಹಾಜರಿ ಇಳಿಯಿತು. ಅಲ್ಲಿ ಸೈಕಲಿನ ಜೊತೆಗೆ ಹಳ್ಳಿಗರಿಗೇ ರಿಪೇರಿ ಕೆಲಸ ಕಲಿಸಿದರು. ನಮ್ಮ ಯೋಜನೆಯಲ್ಲಿ ಇಲ್ಲದಿದ್ದದ್ದು ಅದೇ.

ಕೋವಿಡ್ ಬಂತು. 2020-21ರಿಂದ ವಿತರಣೆ ನಿಂತಿತು. ಶಾಲೆಗಳ ಬಾಗಿಲು ತೆರೆದ ಮೇಲೂ ಹೊಸದಾಗಿ ಎಂಟಕ್ಕೆ ಬಂದ ಮಕ್ಕಳಿಗೆ ಸೈಕಲ್ ಬರಲಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾಗಿದೆಯಲ್ಲ, ಇನ್ನು ಸೈಕಲ್ ಏಕೆ ಎಂದು ಕೆಲವರು ಕೇಳುತ್ತಾರೆ. ಬಸ್ಸು ಒಳ್ಳೆಯದೇ. ಆದರೆ ಅದು ಡಾಂಬರು ರಸ್ತೆಗೆ ಬರುತ್ತದೆ, ಹಟ್ಟಿಗೂ ತಾಂಡಾಕ್ಕೂ ಬರುವುದಿಲ್ಲ. ವಿಶೇಷ ತರಗತಿ ಮುಗಿಯುವ ಹೊತ್ತಿಗೆ ನಮ್ಮ ಮಾರ್ಗದ ಬಸ್ಸು ಹೋಗಿಬಿಟ್ಟಿರುತ್ತದೆ. ಪರೀಕ್ಷೆ ಹತ್ತಿರವಾದಂತೆ ವಿಶೇಷ ತರಗತಿಯಲ್ಲಿ ಕೂರುವುದು ಬಿಟ್ಟು ಬಸ್ಸಿಗೆ ಓಡುವವರು ದೂರದ ಊರಿನ ಮಕ್ಕಳೇ.

ಶಾಲೆಯ ಹಿಂಭಾಗದ ತಗಡಿನ ಸೈಕಲ್ ಸ್ಟ್ಯಾಂಡಿನಲ್ಲಿ ಈಗ ಶಿಕ್ಷಕರ ಬೈಕುಗಳು ನಿಲ್ಲುತ್ತವೆ. ಸೈಕಲ್‌ಗಳು ಊರೂರಿನ ಅಟ್ಟ, ಹಿತ್ತಿಲುಗಳಲ್ಲಿ ತುಕ್ಕು ಹಿಡಿಯುತ್ತಿವೆ. ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯಲ್ಲಿ ಅಂಥದ್ದು ಒಂದಿದ್ದರೆ ಮಹೋತ್ಸವಕ್ಕೆ ಬರುವಾಗ ತಂದುಕೊಡಿ. ಟೈರು, ಟ್ಯೂಬು, ಚೈನು ಹಾಕಿಸುವ ಖರ್ಚನ್ನು ನಾವು ನಾಲ್ವರು ನಿವೃತ್ತ ಶಿಕ್ಷಕರು ಹೊತ್ತಿದ್ದೇವೆ. ಈ ವರ್ಷ ಎಂಟನೇ ತರಗತಿಗೆ ದೂರದಿಂದ ನಡೆದು ಬರುತ್ತಿರುವ ಮಕ್ಕಳ ಪಟ್ಟಿ ಕಚೇರಿಯಲ್ಲಿದೆ. ಸೈಕಲ್ ಕೊಡುವವರ ಹೆಸರು ಬರೆಯಲು ಅದರ ಪಕ್ಕದಲ್ಲೇ ಒಂದು ನೋಟ್ ಬುಕ್ ಇಟ್ಟಿದ್ದೇವೆ.