ಪೆಟ್ಟಿಗೆಯ ಬೆನ್ನಿಗೊಂದು ಕಡ್ಡಿ

ಹೆಬ್ಬೆರಳಿಗಿಂತ ತುಸು ದೊಡ್ಡದಾದ ಒಂದು ಕರಿಯ ತುಂಡು. ಅದನ್ನು ಟೆಲಿವಿಷನ್ ಪೆಟ್ಟಿಗೆಯ ಹಿಂಬದಿಯ ಕಿಂಡಿಯೊಂದಕ್ಕೆ ಸಿಕ್ಕಿಸಿ, ಮನೆಯ ವೈ-ಫೈಗೆ ಪರಿಚಯ ಮಾಡಿಕೊಟ್ಟರೆ ಸಾಕು. ಅದುವರೆಗೆ ಕೇಬಲ್ಲಿನವರು ಕಳುಹಿಸಿದ್ದನ್ನಷ್ಟೇ ತೋರಿಸುತ್ತಿದ್ದ ಪೆಟ್ಟಿಗೆ, ಕೇಳಿದ ಚಿತ್ರವನ್ನು ಕೇಳಿದ ಗಳಿಗೆಯಲ್ಲಿ ತೋರಿಸತೊಡಗುತ್ತದೆ. ಅಂಗಡಿಯವರು ಇದನ್ನು ಸ್ಟ್ರೀಮಿಂಗ್ ಸ್ಟಿಕ್ ಎನ್ನುತ್ತಾರೆ. ನಾನು ಕಡ್ಡಿ ಎಂದೇ ಕರೆಯುತ್ತೇನೆ. ಇದು ತಗುಲಿದ ಸಾಮಾನ್ಯ ಟೀವಿ 'ಸ್ಮಾರ್ಟ್' ಆಗುತ್ತದೆ, ಅಂದರೆ ಜಾಣತನ ಪಡೆಯುತ್ತದೆ ಎಂದು ಜಾಹೀರಾತುಗಳು ಸಾರುತ್ತವೆ. ಮಾತು ಸುಳ್ಳಲ್ಲ. ಆದರೆ ಆ ಜಾಣತನ ಯಾರ ಸೊತ್ತು, ಅದು ಎಷ್ಟು ದಿನ ಬಾಳುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ. ಕಡ್ಡಿಯನ್ನು ಗುಡ್ಡ ಮಾಡುತ್ತಿದ್ದೇನೆಂದು ಯಾರೂ ಭಾವಿಸಬಾರದು. ಈ ಪ್ರಶ್ನೆಗೆ ಎಪ್ಪತ್ತು ವರ್ಷಗಳ ಚರಿತ್ರೆಯಿದೆ.

ಟೆಲಿವಿಷನ್ನಿನ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಪರದೆಯ ಚರಿತ್ರೆಯನ್ನು ಹೇಳುತ್ತಾರೆ. ಕಪ್ಪುಬಿಳುಪು ಹೋಗಿ ಬಣ್ಣ ಬಂದದ್ದು, ಉಬ್ಬು ಗಾಜು ಹೋಗಿ ಚಪ್ಪಟೆ ಫಲಕ ಬಂದದ್ದು, ಇವೆಲ್ಲ ಎದುರಿಗೆ ಕಾಣುವ ಸಂಗತಿಗಳು. ಆದರೆ ಕಾಲ ಬದಲಾದಾಗಲೆಲ್ಲ ಹೊಸ ಪೆಟ್ಟಿಗೆ ಕೊಳ್ಳುವುದು ಸಂಸಾರಸ್ಥರಿಗೆ ಸಾಧ್ಯವಾದ ಮಾತಲ್ಲ. ಅವರು ಮಾಡಿದ್ದು ಬೇರೆ ಉಪಾಯ: ಹಳೆಯ ಪೆಟ್ಟಿಗೆಯನ್ನು ಉಳಿಸಿಕೊಂಡು ಅದರ ಬೆನ್ನಿಗೆ ಹೊಸದೊಂದು ಸಾಧನವನ್ನು ತಗುಲಿಸಿದರು. ಆದ್ದರಿಂದ ಪೆಟ್ಟಿಗೆಯ ನಿಜವಾದ ಚರಿತ್ರೆ ಅದರ ಬೆನ್ನಿನಲ್ಲಿದೆ ಎಂದು ನನಗೆ ತೋರುತ್ತದೆ.

ಇಂಗ್ಲೆಂಡಿನ ನಿದರ್ಶನವನ್ನು ಮೊದಲು ನೋಡೋಣ. 1955ರ ಸೆಪ್ಟೆಂಬರ್ 22ರಂದು ಲಂಡನ್ನಿನಲ್ಲಿ ಬಿ.ಬಿ.ಸಿ.ಗೆ ಪ್ರತಿಸ್ಪರ್ಧಿಯಾಗಿ ಐ.ಟಿ.ವಿ. ಎಂಬ ವಾಣಿಜ್ಯ ಪ್ರಸಾರ ಆರಂಭವಾಯಿತು. ಅದು ಬಿ.ಬಿ.ಸಿ. ಬಳಸುತ್ತಿದ್ದುದಕ್ಕಿಂತ ಹೆಚ್ಚಿನ ಕಂಪನಾಂಕದ ಅಲೆಗಳಲ್ಲಿ ಬರುತ್ತಿತ್ತು. ಬಿ.ಬಿ.ಸಿ.ಗೆಂದೇ ತಯಾರಾಗಿದ್ದ ಹಳೆಯ ಸೆಟ್ಟುಗಳಿಗೆ ಆ ಅಲೆ ಕೇಳಿಸುತ್ತಲೇ ಇರಲಿಲ್ಲ. ಆಗ ಅಂಗಡಿಗಳಿಗೆ ಪರಿವರ್ತಕವೆಂಬ ಪುಟ್ಟ ಪೆಟ್ಟಿಗೆ ಬಂತು. ಹೊಸ ಅಲೆಯನ್ನು ಹಳೆಯ ಅಲೆಯ ರೂಪಕ್ಕೆ ಇಳಿಸಿ ಸೆಟ್ಟಿಗೆ ಒಪ್ಪಿಸುವುದಷ್ಟೇ ಅದರ ಕೆಲಸ. ಹೊಸ ಭಾಷೆ ಬಾರದ ಮುದುಕನ ಪಕ್ಕದಲ್ಲಿ ದುಭಾಷಿಯೊಬ್ಬನನ್ನು ಕೂರಿಸಿದ ಹಾಗೆ.

ಇಪ್ಪತ್ತು ವರ್ಷಗಳ ಅನಂತರ ಇದೇ ಉಪಾಯ ನಮ್ಮ ನಾಡಿನಲ್ಲಿ ಬಹು ದೊಡ್ಡ ಪ್ರಮಾಣದಲ್ಲಿ ನಡೆಯಿತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ ನಡೆದ 'ಸೈಟ್' ಎಂಬ ಉಪಗ್ರಹ ಬೋಧನಾ ಪ್ರಯೋಗ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟೆಲಿವಿಷನ್ನನ್ನು ಕೊಂಡೊಯ್ದಿತು. ಕರ್ನಾಟಕದಲ್ಲಿ ಅಂದಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿ ಸೇರಿದ್ದವು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರ ನವೆಂಬರಿನಲ್ಲಿ. ಅದಕ್ಕೆ ಆರು ವರ್ಷ ಮೊದಲೇ ಬಿಸಿಲನಾಡಿನ ಹಳ್ಳಿಗರು ಕನ್ನಡದ ಕಾರ್ಯಕ್ರಮಗಳನ್ನು ಉಪಗ್ರಹದಿಂದ ನೇರವಾಗಿ ನೋಡಿದರು ಎಂಬುದನ್ನು ರಾಜಧಾನಿಯ ನಾವು ಅಷ್ಟಾಗಿ ನೆನೆಯುವುದಿಲ್ಲ.

ಆ ಸೆಟ್ಟುಗಳಲ್ಲಿ ಏನಿತ್ತು? ಹೈದರಾಬಾದಿನ ಇ.ಸಿ.ಐ.ಎಲ್. ಸಂಸ್ಥೆ ತಯಾರಿಸಿದ ಸಾಮಾನ್ಯ ಬಗೆಯ ಟೆಲಿವಿಷನ್ ಇತ್ತು. ಅಮೆರಿಕದ ಎ.ಟಿ.ಎಸ್.-6 ಉಪಗ್ರಹ ಕಳುಹಿಸುತ್ತಿದ್ದ 860 ಮೆಗಾಹರ್ಟ್ಸ್ ಅಲೆಯನ್ನು ಗ್ರಹಿಸುವ ಶಕ್ತಿ ಆ ಸೆಟ್ಟಿಗೆ ಸ್ವತಃ ಇರಲಿಲ್ಲ. ಆದ್ದರಿಂದ ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ಸುಮಾರು ಹತ್ತು ಅಡಿ ಅಗಲದ ಬೋಗುಣಿಯಾಕಾರದ ಆಂಟೆನ ಮಾಡಿದರು. ಅದಕ್ಕೂ ಸೆಟ್ಟಿಗೂ ನಡುವೆ ಒಂದು ಪರಿವರ್ತಕವನ್ನು ಇಟ್ಟರು. ನಮ್ಮ ಬಾಹ್ಯಾಕಾಶ ಸಂಸ್ಥೆಯ ಅಹಮದಾಬಾದಿನ ಎಂಜಿನಿಯರುಗಳು ರೂಪಿಸಿದ ಈ ಜೋಡಣೆಯಿಂದ ಸಾಮಾನ್ಯ ಪೆಟ್ಟಿಗೆ ಆಕಾಶದೊಡನೆ ಮಾತಾಡತೊಡಗಿತು. ದಿನಕ್ಕೆ ನಾಲ್ಕು ಗಂಟೆ ಪ್ರಸಾರ: ಬೆಳಗ್ಗೆ ಶಾಲಾಮಕ್ಕಳಿಗೆ, ಸಂಜೆ ಬೇಸಾಯ, ಆರೋಗ್ಯ ಮುಂತಾದ ವಿಷಯಗಳ ಮೇಲೆ ದೊಡ್ಡವರಿಗೆ. ಒಂದು ಪೆಟ್ಟಿಗೆಯ ಮುಂದೆ ಊರಿಗೆ ಊರೇ ಕುಳಿತು ನೋಡುತ್ತಿತ್ತು.

ಒಪ್ಪಂದದ ವರ್ಷ ಮುಗಿಯಿತು. ಉಪಗ್ರಹವನ್ನು ಅದರ ಒಡೆಯರು ಮರಳಿ ಒಯ್ದರು. 1976ರ ಆಗಸ್ಟ್ 1ರ ಬೆಳಗ್ಗೆ ತಂತಿಬಲೆ ಹರಿದಿರಲಿಲ್ಲ, ಪರಿವರ್ತಕ ಕೆಟ್ಟಿರಲಿಲ್ಲ, ಸೆಟ್ಟು ಸುಸ್ಥಿತಿಯಲ್ಲಿತ್ತು. ಬರಿದಾದದ್ದು ಆಕಾಶ. 1977ರಲ್ಲಿ ಗುಲ್ಬರ್ಗದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ತೆರೆದಾಗ ಅದರ ವ್ಯಾಪ್ತಿಯ ಕೆಲವು ಹಳ್ಳಿಗಳಿಗೆ ಚಿತ್ರ ಮರಳಿ ಬಂತು, ಉಳಿದವು ಕಾಯಬೇಕಾಯಿತು. ಈ ಘಟನೆಯನ್ನು ಕೇಳುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ. ಮುಂದೆ ಇದರ ಪ್ರಯೋಜನವಿದೆ.

ಎಂಬತ್ತರ ದಶಕದಲ್ಲಿ ಪೆಟ್ಟಿಗೆಯ ಬೆನ್ನಿಗೆ ವಿ.ಸಿ.ಆರ್. ಬಂತು. ಸೋನಿಯ ಬೀಟಾಮ್ಯಾಕ್ಸ್ 1975ರಲ್ಲಿ, ಜೆ.ವಿ.ಸಿ.ಯ ವಿ.ಎಚ್.ಎಸ್. 1976ರಲ್ಲಿ ಜಪಾನಿನಲ್ಲಿ ಹುಟ್ಟಿ ಲೋಕವನ್ನೆಲ್ಲ ಸುತ್ತಿದವು. ನಮ್ಮಲ್ಲಿ ಇದನ್ನು ಬಾಡಿಗೆಗೆ ತಂದು, ಒಂದೇ ರಾತ್ರಿಯಲ್ಲಿ ಮೂರು ಸಿನಿಮಾ ನೋಡಿ, ಮಾರನೆಯ ದಿನ ಕಚೇರಿಯಲ್ಲಿ ತೂಕಡಿಸಿದವರುಂಟು. ತಮಾಷೆ ಹಾಗಿರಲಿ, ವಿ.ಸಿ.ಆರ್. ತಂದ ಬದಲಾವಣೆ ದೊಡ್ಡದು. ನೋಡುವ ಹೊತ್ತನ್ನು ಮೊತ್ತಮೊದಲು ನೋಡುವವನೇ ನಿರ್ಧರಿಸಿದ. ಕೊಂಡು ತಂದ ಕ್ಯಾಸೆಟ್ಟು ಕಪಾಟಿನಲ್ಲಿರುತ್ತಿತ್ತು. ಅದನ್ನು ತಯಾರಿಸಿದ ಕಂಪನಿ ಮುಚ್ಚಿಹೋದರೂ ಯಂತ್ರ ತಿರುಗುವವರೆಗೆ ಚಿತ್ರ ಮೂಡುತ್ತಿತ್ತು. ಆಮೇಲೆ ಕೇಬಲ್ ಬಂತು. 2013ರ ಮಾರ್ಚ್ ಕೊನೆಗೆ ಬೆಂಗಳೂರು, ಮೈಸೂರುಗಳಲ್ಲಿ ಡಿಜಿಟಲ್ ಕೇಬಲ್ ಕಡ್ಡಾಯವಾಗುತ್ತಲೇ ಸೆಟ್-ಟಾಪ್ ಬಾಕ್ಸ್ ಇಲ್ಲದ ಕೇಬಲ್ ಸಂಪರ್ಕಕ್ಕೆ ಅರ್ಥವಿಲ್ಲದಂತಾಯಿತು. ವಿ.ಸಿ.ಆರ್. ಮನೆಯೊಳಗೆ ತಂದಿದ್ದ ಅಧಿಕಾರ ಮತ್ತೆ ಹೊರಗೆ ನಡೆಯಿತು.

ಟೀವಿಗೆ ಇಂಟರ್‌ನೆಟ್ಟನ್ನು ಜೋಡಿಸುವ ಹಂಬಲವೂ ಹಳೆಯದೇ. ಅಮೆರಿಕದಲ್ಲಿ 1996ರಲ್ಲಿ 'ವೆಬ್ ಟೀವಿ' ಎಂಬ ಪೆಟ್ಟಿಗೆ ಮಾರಾಟಕ್ಕೆ ಬಂತು. ದೂರವಾಣಿಯ ತಂತಿಯನ್ನು ಅದಕ್ಕೆ ಸಿಕ್ಕಿಸಿದರೆ ಮನೆಯ ಟೀವಿಯಲ್ಲಿ ಅಂತರಜಾಲದ ಪುಟಗಳು ಕಾಣುತ್ತಿದ್ದವು. ಮರುವರ್ಷ ಮೈಕ್ರೋಸಾಫ್ಟ್ ಕಂಪನಿ ಅದನ್ನು 42.5 ಕೋಟಿ ಡಾಲರಿಗೆ ಕೊಂಡಿತು. ಆದರೆ ದೂರವಾಣಿ ತಂತಿಯಲ್ಲಿ ಅಕ್ಷರಗಳೇ ತೆವಳುತ್ತ ಬರುತ್ತಿದ್ದ ಕಾಲ ಅದು. ಸಿನಿಮಾ ಹರಿದುಬರುವ ಮಾತೆಲ್ಲಿ? 2013ರ ಸೆಪ್ಟೆಂಬರ್ 30ರಂದು ಆ ಸೇವೆ ಕಣ್ಣು ಮುಚ್ಚಿತು. ವಿಚಿತ್ರವೆಂದರೆ, ಅದಕ್ಕೆ ಎರಡು ತಿಂಗಳ ಮುಂಚೆಯಷ್ಟೇ, ಜುಲೈ 24ರಂದು, ಅದರ ಆಸೆಯನ್ನು ಈಡೇರಿಸುವ ಮೊಮ್ಮಗು ಹುಟ್ಟಿತ್ತು.

ಆ ಹುಟ್ಟಿಗೆ ಎರಡು ಸಿದ್ಧತೆಗಳು ನಡೆದಿದ್ದವು. ಮೊದಲನೆಯದು ಕಿಂಡಿ. ಚಿತ್ರ, ಧ್ವನಿ ಎರಡನ್ನೂ ಒಂದೇ ತಂತಿಯಲ್ಲಿ ಅಂಕಿಗಳ ರೂಪದಲ್ಲಿ ಸಾಗಿಸುವ ಎಚ್.ಡಿ.ಎಂ.ಐ. ಎಂಬ ಜೋಡಣೆಯನ್ನು ಏಳು ಕಂಪನಿಗಳು ಕೂಡಿ 2002ರ ಡಿಸೆಂಬರಿನಲ್ಲಿ ಗೊತ್ತುಮಾಡಿದವು. ಕ್ರಮೇಣ ಎಲ್ಲ ಚಪ್ಪಟೆ ಟೀವಿಗಳ ಬೆನ್ನಿನಲ್ಲೂ ಅದು ಕಾಣಿಸಿಕೊಂಡಿತು. ಎರಡನೆಯದು ಹರಿವು. ಅಂಚೆಯ ಮೂಲಕ ಡಿ.ವಿ.ಡಿ. ಬಾಡಿಗೆಗೆ ಕೊಡುತ್ತಿದ್ದ ನೆಟ್‌ಫ್ಲಿಕ್ಸ್ 2007ರಲ್ಲಿ ಚಿತ್ರಗಳನ್ನು ಅಂತರಜಾಲದಲ್ಲೇ ಹರಿಸತೊಡಗಿತು. ಅದನ್ನು ಟೀವಿಗೆ ತಲುಪಿಸಲು 2008ರಲ್ಲಿ ರೋಕು ಎಂಬ ಕಂಪನಿ 99 ಡಾಲರಿನ ಪೆಟ್ಟಿಗೆ ತಂದಿತು. ಜಪಾನೀ ಭಾಷೆಯಲ್ಲಿ ರೋಕು ಎಂದರೆ ಆರು; ಸ್ಥಾಪಕ ಆಂಥೊನಿ ವುಡ್ ಅವರಿಗೆ ಅದು ಆರನೆಯ ಕಂಪನಿ. ಅವರದೇ ಕಂಪನಿ 2012ರಲ್ಲಿ ಪೆಟ್ಟಿಗೆಯನ್ನು ಕಡ್ಡಿಯ ಗಾತ್ರಕ್ಕೆ ಇಳಿಸಿತು. ಆದರೆ ಆ ಕಡ್ಡಿ ವಿದ್ಯುತ್ತನ್ನು ಟೀವಿಯ ಕಿಂಡಿಯಿಂದಲೇ ಪಡೆಯಬೇಕಾಗಿತ್ತು. ಹಾಗೆ ವಿದ್ಯುತ್ತನ್ನು ಕೊಡುವ ವಿಶೇಷ ಬಗೆಯ ಕಿಂಡಿ ಕೆಲವೇ ಹೊಸ ಟೀವಿಗಳಲ್ಲಿತ್ತು.

2013ರಲ್ಲಿ ಗೂಗಲ್ ತಂದ ಕ್ರೋಮ್‌ಕಾಸ್ಟ್ ಈ ತೊಡಕನ್ನು ಸುಲಭವಾಗಿ ಬಿಡಿಸಿತು. ಚಿತ್ರ ಹೋಗಲು ಎಚ್.ಡಿ.ಎಂ.ಐ. ಕಿಂಡಿ, ವಿದ್ಯುತ್ತಿಗೆ ಪ್ರತ್ಯೇಕವಾದ ಒಂದು ಯು.ಎಸ್.ಬಿ. ತಂತಿ. ಬೆಲೆ 35 ಡಾಲರು. ರಿಮೋಟು ಸಹ ಇಲ್ಲ. ಕೈಯಲ್ಲಿರುವ ಫೋನೇ ರಿಮೋಟು. ಫೋನಿನಿಂದ ಚಿತ್ರ ಟೀವಿಗೆ ಹಾರುತ್ತದೆಂದು ಅನೇಕರು ತಿಳಿದಿದ್ದಾರೆ. ಸಾಮಾನ್ಯವಾಗಿ ಆಗುವುದು ಹಾಗಲ್ಲ: ಫೋನು ಕಡ್ಡಿಗೆ ಚಿತ್ರದ ವಿಳಾಸವನ್ನಷ್ಟೇ ಕೊಡುತ್ತದೆ, ಕಡ್ಡಿ ತಾನೇ ಹೋಗಿ ಅದನ್ನು ತರುತ್ತದೆ. ತರುವ ರೀತಿಯೂ ಸೊಗಸು. ಇಡೀ ಚಿತ್ರವನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕನ್ನೂ ಹಲವು ದರ್ಜೆಗಳಲ್ಲಿ ದೂರದ ಗಣಕದಲ್ಲಿ ಇಟ್ಟಿರುತ್ತಾರೆ. ಸಂಪರ್ಕ ಚುರುಕಾಗಿದ್ದರೆ ಕಡ್ಡಿ ಉತ್ತಮ ದರ್ಜೆಯ ತುಣುಕನ್ನೂ, ಮಂದವಾದರೆ ಕೆಳದರ್ಜೆಯದನ್ನೂ ತರಿಸಿಕೊಳ್ಳುತ್ತದೆ. ಚಿತ್ರ ನಡುವೆ ಮಸುಕಾಗಿ ಮತ್ತೆ ತಿಳಿಯಾಗುವುದರ ಗುಟ್ಟು ಇದು.

ಭಾರತಕ್ಕೆ ಕ್ರೋಮ್‌ಕಾಸ್ಟ್ 2014ರ ಡಿಸೆಂಬರಿನಲ್ಲಿ 2999 ರೂಪಾಯಿಗೆ ಬಂತು. ಅಮೆಜಾನಿನ ಫೈರ್ ಟೀವಿ ಸ್ಟಿಕ್ 2017ರ ಏಪ್ರಿಲಿನಲ್ಲಿ 3999 ರೂಪಾಯಿಗೆ. ಈ ಎರಡರ ನಡುವೆ, 2016ರ ಸೆಪ್ಟೆಂಬರಿನಲ್ಲಿ, ಜಿಯೋ ಸೇವೆ ಆರಂಭವಾಗಿ ದತ್ತಾಂಶದ ಬೆಲೆ ಕುಸಿದಿತ್ತು. ಸಣ್ಣ ಪಟ್ಟಣದ ಮನೆಗಳಿಗೆ ಕಡ್ಡಿ ಹೊಕ್ಕದ್ದಕ್ಕೆ ಕಡ್ಡಿಯ ಅಗ್ಗದಷ್ಟೇ ಈ ಅಗ್ಗವೂ ಕಾರಣ.

ಕಡ್ಡಿಯ ಉಪಕಾರವನ್ನು ಮರೆಯುವುದು ಕೃತಘ್ನತೆಯಾದೀತು. ಜಾಣತನವನ್ನು ಒಡಲಲ್ಲೇ ಹೊತ್ತು ಹುಟ್ಟಿದ ಟೀವಿಗಳ ಗತಿಯನ್ನು ನೋಡಿ. 2019ರ ಡಿಸೆಂಬರಿನಲ್ಲಿ 2010, 2011ರ ಕೆಲವು ಸ್ಯಾಮ್‌ಸಂಗ್ ಸ್ಮಾರ್ಟ್ ಟೀವಿಗಳಲ್ಲಿ ನೆಟ್‌ಫ್ಲಿಕ್ಸ್ ನಿಂತುಹೋಯಿತು. ಫಲಕ ಹೊಳೆಯುತ್ತಿತ್ತು, ಧ್ವನಿ ಚೆನ್ನಾಗಿತ್ತು. ಮುಪ್ಪು ಬಂದದ್ದು ಬುದ್ಧಿಗೆ. ಅಂಥ ಟೀವಿಗೂ ಸಾವಿರಗಳ ಲೆಕ್ಕದ ಒಂದು ಕಡ್ಡಿ ಸಿಕ್ಕಿಸಿದರೆ ಹತ್ತಾರು ಸಾವಿರದ ಫಲಕ ಗುಜರಿಗೆ ಹೋಗುವುದು ತಪ್ಪುತ್ತದೆ. ದೇಹವೂ ಬುದ್ಧಿಯೂ ಬೇರೆ ಬೇರೆಯಾಗಿದ್ದರೆ ಒಂದು ಕೆಟ್ಟಾಗ ಇನ್ನೊಂದನ್ನು ಎಸೆಯಬೇಕಿಲ್ಲ ಎಂಬ ಹಳೆಯ ಸಂಸಾರ ನೀತಿ ಇಲ್ಲಿಯೂ ಸಲ್ಲುತ್ತದೆ.

ಆದರೆ ಕಡ್ಡಿಯ ಬುದ್ಧಿಯಾದರೂ ಸ್ವಂತದ್ದೇ? 2025ರ ಮಾರ್ಚ್ 9ರ ಹೊತ್ತಿಗೆ ಲೋಕದ ನಾನಾ ಕಡೆ 2015ರ ಮಾದರಿಯ ಕ್ರೋಮ್‌ಕಾಸ್ಟುಗಳು ಕೆಲಸ ಮಾಡಲು ನಿರಾಕರಿಸಿದವು. ಈ ಸಾಧನ ನಂಬಲರ್ಹವಲ್ಲ ಎಂಬ ಅರ್ಥದ ಸಂದೇಶ ಫೋನುಗಳಲ್ಲಿ ಮೂಡಿತು. ಒಳಗಿನ ಯಾವ ಭಾಗವೂ ಸುಟ್ಟಿರಲಿಲ್ಲ. ಕಡ್ಡಿ ನಿಜವಾದದ್ದೆಂದು ಸಾಕ್ಷಿ ಹೇಳುವ ಒಂದು ಡಿಜಿಟಲ್ ಪ್ರಮಾಣಪತ್ರಕ್ಕೆ ಹತ್ತು ವರ್ಷದ ಅವಧಿಯಿತ್ತು. ಆ ಅವಧಿ ತೀರಿತ್ತು. ಕೆಲವು ದಿನಗಳಲ್ಲಿ ಗೂಗಲ್ ದೂರದಿಂದಲೇ ತಿದ್ದುಪಡಿ ಕಳುಹಿಸಿ ಸರಿಪಡಿಸಿತು. ಆ ದಿನಗಳಲ್ಲಿ ಕಡ್ಡಿಯ ಒಡೆಯನಿಗೆ ಕಾಯುವುದರ ಹೊರತು ಮಾಡುವುದೇನೂ ಇರಲಿಲ್ಲ.

1976ರ ಆಗಸ್ಟಿನ ಹಳ್ಳಿಗಳನ್ನು ನೆನೆಯುವ ಸಂದರ್ಭ ಇದೇ. ಎರಡು ಕಡೆಯೂ ಸಾಧನ ಸುಸ್ಥಿತಿಯಲ್ಲಿತ್ತು; ಎರಡು ಕಡೆಯೂ ಬರಿದಾದದ್ದು ದೂರದ ಮೂಲ. ಆದರೆ ಹಳ್ಳಿಗರಿಗಾಗಿ ಮಾಡಿದ ಯೋಜನೆಯ ಅವಧಿ ಒಂದು ವರ್ಷವೆಂದು ಮೊದಲೇ ಗೊತ್ತಾಗಿತ್ತು; ಕಡ್ಡಿಯ ಪ್ರಮಾಣಪತ್ರಕ್ಕೆ ಆಯುಷ್ಯವುಂಟೆಂದು ಅದನ್ನು ಕೊಂಡವರಿಗೆ ಯಾರು ಹೇಳಿದ್ದರು? ಇನ್ನೊಂದು ವ್ಯತ್ಯಾಸವೂ ಇದೆ. ತಂತಿಬಲೆ ಕೇಳಿಸಿಕೊಳ್ಳುತ್ತಿತ್ತು, ಮಾತಾಡುತ್ತಿರಲಿಲ್ಲ. ಕಡ್ಡಿ ಎರಡನ್ನೂ ಬಲ್ಲುದು. 2019ರಲ್ಲಿ ಪ್ರಿನ್ಸ್‌ಟನ್ ಮತ್ತು ಷಿಕಾಗೊ ವಿಶ್ವವಿದ್ಯಾಲಯಗಳ ಸಂಶೋಧಕರು ಎರಡು ಸಾವಿರಕ್ಕೂ ಮಿಕ್ಕ ಟೀವಿ ಆ್ಯಪುಗಳನ್ನು ಪರೀಕ್ಷಿಸಿದಾಗ, ರೋಕುವಿನ ಶೇ. 69ರಲ್ಲೂ ಫೈರ್ ಟೀವಿಯ ಶೇ. 89ರಲ್ಲೂ ಬಳಕೆದಾರರ ಜಾಡು ಹಿಡಿಯುವ ವ್ಯವಸ್ಥೆಗಳು ಸಿಕ್ಕವು. ನಾವು ಟೀವಿ ನೋಡುತ್ತಿರುವಾಗ ಟೀವಿಯ ಬೆನ್ನಿನಲ್ಲಿರುವುದು ನಮ್ಮನ್ನು ನೋಡುತ್ತಿರಬಹುದು.

ಇಷ್ಟರಿಂದ ಕಡ್ಡಿಯನ್ನು ಕಿತ್ತೆಸೆಯಬೇಕೆಂದು ನಾನು ಹೇಳುತ್ತಿಲ್ಲ. ಕೊಳ್ಳುವಾಗ ಬೆಲೆಯ ಜೊತೆಗೆ, ಎಷ್ಟು ವರ್ಷ ಇದರ ಬುದ್ಧಿಗೆ ಆಹಾರ ಹಾಕುತ್ತೀರಿ ಎಂದೂ ಕೇಳೋಣ. 1955ರಲ್ಲಿ ಪರಿವರ್ತಕ ಕೊಂಡ ಬ್ರಿಟನ್ನಿನಲ್ಲಿಯೇ 2024ರ ಏಪ್ರಿಲ್ 29ರಿಂದ ಒಂದು ಕಾನೂನು ಜಾರಿಗೆ ಬಂದಿದೆ: ಅಂತರಜಾಲಕ್ಕೆ ಸೇರುವ ಗೃಹೋಪಯೋಗಿ ಸಾಧನವನ್ನು ಮಾರುವವರು, ಭದ್ರತೆಯ ತಿದ್ದುಪಡಿಗಳನ್ನು ಕನಿಷ್ಠ ಎಷ್ಟು ಕಾಲ ಕೊಡುತ್ತೇವೆಂದು ಪ್ರಕಟಿಸಲೇಬೇಕು. ಔಷಧದ ಸೀಸೆಯ ಮೇಲೆ ಅವಧಿ ಮುದ್ರಿಸುವುದು ಎಷ್ಟು ಸಹಜವೋ ಇದೂ ಅಷ್ಟೇ ಸಹಜವಾಗಬೇಕು. ಹೇಳಿಕೊಟ್ಟ ಮಾತು, ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ಬುತ್ತಿ ಬೇಡವೆಂಬುದು ಅವರ ಅಭಿಪ್ರಾಯವಾಗಿರಲಿಲ್ಲ. ಪಯಣ ಹೊರಡುವವನು ಅದು ಎಷ್ಟು ದಿನಕ್ಕೆ ಸಾಕೆಂದು ಬಲ್ಲವನಾಗಿರಬೇಕು ಎಂಬುದಾಗಿತ್ತು.